ಶಿರೋಗ್ರೀವಾ ಸಂಧಿಯ ಶಸ್ತ್ರವಿದ್ಯೆ: ಹೊಸೂರು ರಸ್ತೆಯ ಒಂದು ಚರಿತ್ರೆ

ಲಕ್ಕಸಂದ್ರವನ್ನೂ ವಿಲ್ಸನ್ ಗಾರ್ಡನ್ನನ್ನೂ ಒಂದು ಪಕ್ಕಕ್ಕೆ, ಜಯನಗರದ ಪೂರ್ವಭಾಗದ ಬಡಾವಣೆಗಳನ್ನು ಮತ್ತೊಂದು ಪಕ್ಕಕ್ಕೆ ಇಟ್ಟುಕೊಂಡು, ಹೊಸೂರು ರಸ್ತೆಯ ಅಂಚಿನಲ್ಲಿ ವಿಶಾಲವಾಗಿ ಹಬ್ಬಿರುವ ನಿಮ್ಹಾನ್ಸ್ ಆವರಣವನ್ನು ನಮ್ಮ ಜನ ಇಂದಿಗೂ ಬಹುಮಟ್ಟಿಗೆ ಮನೋರೋಗಿಗಳ ಆಸ್ಪತ್ರೆಯೆಂದೇ ಬಲ್ಲರು. ಆದರೆ ಅದೇ ಆವರಣದ ನರಶಸ್ತ್ರಚಿಕಿತ್ಸೆಯ ವಾರ್ಡುಗಳಲ್ಲಿ, ಮನಸ್ಸಿಗೆ ಯಾವ ವಿಕಾರವೂ ಇಲ್ಲದೆ, ಕೇವಲ ತಲೆಯು ಕತ್ತಿನ ಮೇಲೆ ನಿಲ್ಲಬೇಕಾದಂತೆ ನಿಲ್ಲದಿರುವ ಕಾರಣದಿಂದ ಕೈಕಾಲುಗಳ ಬಲವನ್ನು ದಿನೇ ದಿನೇ ಕಳೆದುಕೊಳ್ಳುತ್ತಿರುವ ಮಕ್ಕಳೂ ಯುವಕರೂ ಗೃಹಿಣಿಯರೂ ದೂರದ ಊರುಗಳಿಂದ ಬಂದು ಮಲಗಿರುತ್ತಾರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ತಲೆಬುರುಡೆಯ ತಳವನ್ನು ಕತ್ತಿನ ಮೇಲ್ತುದಿಯ ಮೂಳೆಗಳಿಗೆ ಶಸ್ತ್ರಕ್ರಿಯೆಯಿಂದ ಬೆಸೆಯುವ ಈ ವಿದ್ಯೆಗೆ ನೂರು ವರ್ಷಗಳಿಗೆ ಮೀರಿದ ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ನಮ್ಮ ದೇಶದವರು ಶಿಷ್ಯರಾಗಿ ಪ್ರವೇಶಿಸಿ ಗುರುಗಳಾಗಿ ನಿಂತರೆಂಬುದು ನಾವು ತಿಳಿದಿರಬೇಕಾದ ಸಂಗತಿ.

ಮೊದಲು ಆ ಸ್ಥಾನದ ರಚನೆಯನ್ನು ಗ್ರಹಿಸಬೇಕು. ಕತ್ತಿನ ಏಳು ಮಣಿಗಳಲ್ಲಿ ಮೇಲಿನ ಎರಡು ಉಳಿದ ಐದರಂತಿಲ್ಲ. ಅಟ್ಲಾಸ್ ಎಂದು ವೈದ್ಯರು ಕರೆಯುವ ಮೊದಲನೆಯದಕ್ಕೆ ಒಡಲೆಂಬುದೇ ಇಲ್ಲದೆ ಅದು ಕೇವಲ ಮೂಳೆಯ ಬಳೆಯಾಗಿದೆ. ಆಕ್ಸಿಸ್ ಎಂಬ ಎರಡನೆಯದರಿಂದ ಹಲ್ಲಿನಾಕಾರದ ಗೂಟವೊಂದು ಮೇಲಕ್ಕೆದ್ದು ಆ ಬಳೆಯ ಮುಂಭಾಗದೊಳಕ್ಕೆ ಸೇರಿಕೊಂಡಿದೆ. ರಾಗಿಕಲ್ಲಿನ ಮೇಲುಕಲ್ಲು ನಡುಗೂಟವನ್ನು ಆಶ್ರಯಿಸಿ ತಿರುಗುವಂತೆ, ತಲೆಬುರುಡೆಯನ್ನು ಹೊತ್ತ ಬಳೆಯು ಈ ಗೂಟವನ್ನು ಸುತ್ತಿ ತಿರುಗುತ್ತದೆ. ನಾವು ಎಡಕ್ಕೂ ಬಲಕ್ಕೂ ತಲೆ ತಿರುಗಿಸುವ ಚಲನೆಯಲ್ಲಿ ಹೆಚ್ಚುಕಡಮೆ ಅರ್ಧಪಾಲು ಈ ಒಂದೇ ಸಂಧಿಯಲ್ಲಿ ನಡೆಯತಕ್ಕದ್ದು. ತಲೆಬಾಗಿಸುವ, ಎತ್ತುವ ಕ್ರಿಯೆಗೆ ಬುರುಡೆ ಮತ್ತು ಬಳೆಗಳ ನಡುವಣ ಸಂಧಿ ಪ್ರಧಾನ. ಗೂಟದ ಹಿಂದೆ ಗಟ್ಟಿಯಾದ ತಂತುಬಂಧವೊಂದು ಅಡ್ಡಲಾಗಿ ಬಿಗಿದಿದ್ದು, ಅದರ ಹಿಂದೆಯೇ ಮೆದುಳು ಮುಗಿದು ಬೆನ್ನುಹುರಿ ಆರಂಭವಾಗುತ್ತದೆ. ಉಸಿರಾಟದ ನಿಯಾಮಕಸ್ಥಾನ ಅಲ್ಲಿಂದ ತುಸು ಮೇಲೆ. ಮೆದುಳಿಗೆ ರಕ್ತವೊಯ್ಯುವ ಎರಡು ಧಮನಿಗಳು ಎರಡು ಪಕ್ಕಗಳಲ್ಲಿ, ಮೂಳೆಯ ರಂಧ್ರಗಳನ್ನೇ ದಾರಿಮಾಡಿಕೊಂಡು. ಬೆಳೆದ ಮನುಷ್ಯನಲ್ಲಿ ಗೂಟಕ್ಕೂ ಬಳೆಗೂ ನಡುವಣ ಅಂತರ 3 ಮಿಲಿಮೀಟರನ್ನು ಮೀರಿದರೆ ವೈದ್ಯರು ಶಂಕಿಸುತ್ತಾರೆ. ಅಷ್ಟು ಅಲ್ಪವಾದ ಅವಕಾಶದಲ್ಲಿ ಪ್ರಕೃತಿಯು ಅಷ್ಟು ಹೆಚ್ಚಿನ ಚಲನೆಯನ್ನೂ ಅಷ್ಟು ಅಮೂಲ್ಯವಾದ ವಸ್ತುವನ್ನೂ ಒಟ್ಟಿಗಿರಿಸಿದೆ.

ಈ ಸ್ಥಾನದ ಮಹತ್ತ್ವವನ್ನು ನಮ್ಮ ಪ್ರಾಚೀನರು ಅರಿಯದೆ ಇರಲಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಎಣಿಸಿರುವ 107 ಮರ್ಮಗಳ ಪೈಕಿ ಕೃಕಾಟಿಕಾ ಎಂಬ ಎರಡು ಮರ್ಮಗಳು ತಲೆಯೂ ಕತ್ತೂ ಕೂಡುವೆಡೆಯಲ್ಲಿವೆಯೆಂದೂ, ಅಲ್ಲಿ ಪೆಟ್ಟಾದರೆ ತಲೆ ಅಸ್ಥಿರವಾಗಿ ಅಲುಗಾಡುವುದೆಂದೂ ಹೇಳಿದೆ. ಆ ಕಾಲದ ವೈದ್ಯನಿಗೆ ಕಣ್ಣು, ಬೆರಳು ಬಿಟ್ಟರೆ ಬೇರೆ ಸಾಧನವಿರಲಿಲ್ಲವೆಂಬುದನ್ನು ನೆನೆದರೆ, ಆ ಅವಲೋಕನದ ನಿಶಿತತೆಗೆ ಗೌರವ ತೋರದಿರಲಾಗದು. ಆದರೆ ಅಲುಗಾಡುವುದನ್ನು ಕಂಡುಹಿಡಿಯುವುದು ಒಂದು, ನಿಲ್ಲಿಸುವುದು ಮತ್ತೊಂದು. ಎರಡನೆಯದು ಆಧುನಿಕ ಯುಗಕ್ಕೆ ಸೇರಿದ ಸಾಧನೆ.

ಸಂಧಿ ಸಡಿಲವಾಗುವುದಕ್ಕೆ ಕಾರಣಗಳು ಹಲವು. ಗರ್ಭದಲ್ಲಿಯೇ ಮೂಳೆಗಳು ಸರಿಯಾಗಿ ಬೇರ್ಪಡದೆ ಬಳೆಯು ಬುರುಡೆಗೆ ಅಂಟಿಕೊಂಡು ಹುಟ್ಟುವುದುಂಟು, ಗೂಟವು ಒಡಲಿಗೆ ಕೂಡಿಕೊಳ್ಳದೆ ಬಿಡಿಯಾಗಿ ಉಳಿಯುವುದುಂಟು; ಕ್ಷಯರೋಗವು ಆ ಮೂಳೆಗಳನ್ನು ತಿಂದುಹಾಕುವುದುಂಟು; ಸಂಧಿವಾತವು ತಂತುಬಂಧವನ್ನು ಸವೆಸುವುದುಂಟು; ಇನ್ನು ಬಿದ್ದು, ವಾಹನಕ್ಕೆ ಸಿಕ್ಕಿ ಮುರಿಯುವುದು ಪ್ರತಿದಿನದ ಮಾತು. ಜನ್ಮತಃ ಬರುವ ದೋಷ ಬಿಹಾರ, ಉತ್ತರಪ್ರದೇಶ ಮೊದಲಾದ ಉತ್ತರದ ಸೀಮೆಗಳಲ್ಲಿ ಹೆಚ್ಚಾಗಿ ಕಾಣುವುದಾದರೂ ನಮ್ಮಲ್ಲಿ ಅಪೂರ್ವವಲ್ಲ. ರೋಗವು ಬರುವ ರೀತಿ ಬಹು ಮೋಸದ್ದು. ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದವನ ಕಾಲಿನಿಂದ ಚಪ್ಪಲಿ ಜಾರಿಹೋಗಿರುತ್ತದೆ, ಜಾರಿದ್ದು ಅವನಿಗೆ ತಿಳಿದಿರುವುದಿಲ್ಲ. ಕೆಲವು ತಿಂಗಳುಗಳಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಒಪ್ಪುವುದಿಲ್ಲ. ಅನ್ನ ಕಲಸುವ ಕೈ ತಡವರಿಸುತ್ತದೆ. ಕತ್ತು ಗಿಡ್ಡವಾಗಿರುವುದು, ಹಿಂದಲೆಯ ಕೂದಲು ತೀರ ಕೆಳಗಿನವರೆಗೆ ಇಳಿದಿರುವುದು, ಇವುಗಳನ್ನು ಮನೆಯವರು ದೈವದತ್ತವಾದ ಆಕಾರವೆಂದು ಬಗೆದು ಸುಮ್ಮನಿದ್ದಿರುತ್ತಾರೆ. ನುರಿತ ನರವೈದ್ಯನು ಚಪ್ಪಲಿಯ ಮಾತನ್ನು ಮೊದಲು ಕೇಳುವುದು ಇದಕ್ಕಾಗಿಯೇ.

ಇಂಥವರಿಗೆ ಬೆಂಗಳೂರಿನಲ್ಲಿ ಆಶ್ರಯಸ್ಥಾನವು ಒದಗಿದ ಬಗೆ ವಿಚಿತ್ರವಾದುದು. ಮಾರ್ಕ್ ಕಬ್ಬನ್ನನು ಮೈಸೂರಿನ ಕಮಿಷನರನಾಗಿದ್ದ ಕಾಲದಲ್ಲಿ, 1847ರ ಸುಮಾರಿಗೆ, ಪೇಟೆಯಲ್ಲಿ ಆರಂಭವಾದ ಹುಚ್ಚರ ಆಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಚ್ಚು ಸಭ್ಯವಾದ ಹೆಸರನ್ನು ಪಡೆಯಿತು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, ಡಾಕ್ಟರ್ ಫ್ರಾಂಕ್ ನೊರೋನ್ಹರ ಶ್ರದ್ಧೆಯ ಫಲವಾಗಿ, ಪೇಟೆಯ ಇಕ್ಕಟ್ಟನ್ನು ತೊರೆದು, ಊರ ಹೊರಗಣ ಲಕ್ಕಸಂದ್ರದ ಬಯಲಿನಲ್ಲಿ ತೋಟಗಳ ನಡುವೆ ಕಟ್ಟಿದ ಹೊಸ ಕಟ್ಟಡಗಳಿಗೆ ಅದು 1930ರ ದಶಕದ ಉತ್ತರಾರ್ಧದಲ್ಲಿ ಬಂದು ನೆಲಸಿತು. ನೊರೋನ್ಹರ ತರುವಾಯ ಅಧಿಕಾರ ವಹಿಸಿದ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಮನೋವೈದ್ಯರಾದರೂ, ಮನಸ್ಸಿನ ವ್ಯಾಧಿಗೆ ಮೆದುಳಿನಲ್ಲಿ ಆಧಾರವನ್ನು ಅರಸತಕ್ಕ ಪ್ರವೃತ್ತಿಯವರು. ಶಸ್ತ್ರವೈದ್ಯ ಬಾಲಕೃಷ್ಣರಾಯರೊಡಗೂಡಿ ಅವರು ನಡೆಸಿದ ಮೆದುಳಿನ ಮುಂಭಾಗದ ಶಸ್ತ್ರಕ್ರಿಯೆಗಳ ವರದಿ 1944ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಚಿಕಿತ್ಸೆಯನ್ನು ಇಂದಿನ ವೈದ್ಯಲೋಕವು ಕೈಬಿಟ್ಟಿದೆ, ಬಿಟ್ಟದ್ದು ಯುಕ್ತವೂ ಆಗಿದೆ. ಆದಾಗ್ಯೂ ಮಾನಸಿಕ ಆಸ್ಪತ್ರೆಯ ಆವರಣದೊಳಕ್ಕೆ ನರಶಸ್ತ್ರವಿದ್ಯೆ ಹೆಜ್ಜೆಯಿಟ್ಟದ್ದು ಆ ಬಾಗಿಲಿನಿಂದಲೇ ಎಂಬುದನ್ನು ಚರಿತ್ರೆಯು ಮರೆಮಾಡಲಾಗದು.

ಸ್ವಾತಂತ್ರ್ಯಾನಂತರ ಆ ಬಯಲಿನ ಸುತ್ತಲಿನ ಲೋಕವೇ ಬದಲಾಯಿತು. 1948ರಲ್ಲಿ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಸ್ತಿಭಾರವಿಟ್ಟರು. ಭೋರ್ ಸಮಿತಿಯ ಶಿಫಾರಸಿನ ಮೇರೆಗೆ 1954ರಲ್ಲಿ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಗೋವಿಂದಸ್ವಾಮಿಯವರ ನಿರ್ದೇಶಕತ್ವದಲ್ಲಿ ಸ್ಥಾಪಿತವಾಯಿತು. 1958ರಲ್ಲಿ ಡಾಕ್ಟರ್ ಆರ್. ಮಾರ್ತಾಂಡ ವರ್ಮರು ಬಂದು ನರಶಸ್ತ್ರಚಿಕಿತ್ಸೆಯ ವಿಭಾಗವನ್ನು ಕಟ್ಟಿದರು. ಅದಕ್ಕೆ ಕೆಲವೇ ವರ್ಷ ಮುಂಚೆ, 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿಯವರೂ, 1950ರಲ್ಲಿ ಮದರಾಸಿನಲ್ಲಿ ಬಿ. ರಾಮಮೂರ್ತಿಯವರೂ ಈ ವಿದ್ಯೆಯನ್ನು ದೇಶದಲ್ಲಿ ನೆಲೆಗೊಳಿಸಿದ್ದರು. ವರ್ಮರ ಖ್ಯಾತಿ ಮುಖ್ಯವಾಗಿ ಪಾರ್ಕಿನ್ಸನ್ ರೋಗಕ್ಕೆ ಅವರು ರೂಪಿಸಿದ ಶಸ್ತ್ರಕ್ರಿಯೆಗೆ ಸಂಬಂಧಿಸಿದ್ದು. ಆದರೆ ಅವರು ಸ್ಥಾಪಿಸಿದ ಪರಂಪರೆಯು ಬುರುಡೆಯಿಂದ ಬೆನ್ನುಹುರಿಯವರೆಗಿನ ಎಲ್ಲವನ್ನೂ ತನ್ನದೆಂದು ಭಾವಿಸಿತು. 1974ರ ಡಿಸೆಂಬರ್ 27ರಂದು ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಉದಯಿಸಿದಾಗ ವರ್ಮರೇ ಅದರ ಪ್ರಥಮ ನಿರ್ದೇಶಕರಾದರು. ನರವೈದ್ಯ, ನರಶಸ್ತ್ರವೈದ್ಯ, ಅರಿವಳಿಕೆಯ ವೈದ್ಯ, ಕ್ಷಕಿರಣತಜ್ಞ, ಅಂಗಸಾಧನೆ ಕಲಿಸುವವ, ಇವರೆಲ್ಲರೂ ಒಂದೇ ಆವರಣದಲ್ಲಿ ದೊರೆಯುವುದೆಂಬುದು ಈ ವ್ಯಾಧಿಗೆ ಸಣ್ಣ ಅನುಕೂಲವಲ್ಲ. ಏಕೆಂದರೆ ಕತ್ತು ಸಡಿಲವಾದವನಿಗೆ ಅರಿವಳಿಕೆ ಕೊಟ್ಟು ಗಂಟಲಿಗೆ ಕೊಳವೆ ಇಳಿಸುವುದೇ ಶಸ್ತ್ರಕ್ರಿಯೆಯಷ್ಟು ಗಂಡಾಂತರದ ಕೆಲಸ. ತಲೆಯನ್ನು ಹಿಂದಕ್ಕೆ ಬಾಗಿಸದೆ, ಹಲವು ವೇಳೆ ರೋಗಿ ಎಚ್ಚರವಿರುವಾಗಲೇ, ಬೆಳಕು ಸೂಸುವ ಎಳೆಕೊಳವೆಯ ನೆರವಿನಿಂದ ಅದನ್ನು ಸಾಧಿಸಬೇಕು.

ಹೊರಜಗತ್ತಿನಲ್ಲಿ ಈ ವಿದ್ಯೆ ಆರಂಭವಾದದ್ದು ಒಂದು ರೇಷ್ಮೆಯ ದಾರದಿಂದ. 1910ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಆಸ್ಗುಡ್ ಎಂಬ ಇಬ್ಬರು, ಜಾರಿಹೋದ ಬಳೆಯನ್ನು ಕೆಳಗಿನ ಮಣಿಯ ಮುಳ್ಳಿಗೆ ರೇಷ್ಮೆದಾರದಿಂದ ಕಟ್ಟಿದ ವೃತ್ತಾಂತವನ್ನು ಪ್ರಕಟಿಸಿದರು. 1927ರಲ್ಲಿ ಜರ್ಮನಿಯ ಫೋರ್‌ಸ್ಟರ್, ಮೊಣಕಾಲ ಕೆಳಗಿನ ಸಣ್ಣ ಮೂಳೆಯ ತುಂಡನ್ನು ತೆಗೆದು ಹಿಂದಲೆಗೂ ಕತ್ತಿಗೂ ಊರೆಯಾಗಿ ನಿಲ್ಲಿಸಿದನು. ತಲೆಯನ್ನು ಕತ್ತಿಗೆ ಬೆಸೆಯುವ ಪ್ರಯತ್ನಗಳಲ್ಲಿ ಇದನ್ನೇ ಮೊದಲನೆಯದೆಂದು ಗ್ರಂಥಗಳು ಎಣಿಸುತ್ತವೆ. 1939ರಲ್ಲಿ ಟೊರಾಂಟೊವಿನ ಗ್ಯಾಲಿ ಉಕ್ಕಿನ ತಂತಿಯಿಂದ ಬಿಗಿದು ನಡುವೆ ಮೂಳೆಯ ತುಂಡು ಇಡುವ ಪದ್ಧತಿಯನ್ನು ರೂಢಿಗೆ ತಂದನು. ತಂತಿಯ ಯುಗವು ಅಲ್ಲಿಂದ ಅರ್ಧ ಶತಮಾನ ನಡೆಯಿತು. ನಮ್ಮ ದೇಶದ ಆಸ್ಪತ್ರೆಗಳೂ ಕಲಿತದ್ದು ಆ ಪದ್ಧತಿಯಿಂದಲೇ.

ಆ ಯುಗದ ಕೆಲಸವನ್ನು ತುಸು ಸಮೀಪದಿಂದ ನೋಡಬೇಕು. ಮೊದಲು ತೂಕ ಹಾಕುವುದು: 1933ರಲ್ಲಿ ಕ್ರಚ್‌ಫೀಲ್ಡ್ ರೂಪಿಸಿದ ಇಕ್ಕುಳವನ್ನು ರೋಗಿಯ ಬುರುಡೆಯ ಎರಡು ಪಕ್ಕಗಳಿಗೆ ನಾಟಿ, ಅದರ ಹಗ್ಗವನ್ನು ಮಂಚದ ತಲೆದೆಸೆಯ ರಾಟೆಯ ಮೇಲೆ ಹಾಯಿಸಿ, ತೂಕಗಳನ್ನು ಒಂದೊಂದಾಗಿ ಏರಿಸುತ್ತ, ಸರಿದ ಮೂಳೆ ಸ್ವಸ್ಥಾನಕ್ಕೆ ಮರಳುವುದೇ ಎಂದು ದಿನಗಟ್ಟಲೆ ಕಾಯುವುದು. ಆ ಮೇಲೆ ರೋಗಿಯನ್ನು ಬೋರಲಾಗಿ ಮಲಗಿಸಿ, ಹಿಂದಲೆಯಿಂದ ಕತ್ತಿನ ನಡುಭಾಗದವರೆಗೆ ಸೀಳಿ, ಸ್ನಾಯುಗಳನ್ನು ಸರಿಸಿ, ಬಳೆಯ ಹಿಂಗಮಾನನ್ನು ಬಯಲುಮಾಡುವುದು. ತಂತಿಯನ್ನು ಆ ಕಮಾನಿನ ಕೆಳಗಿನಿಂದ ತೂರಿಸಿ ಮೇಲಕ್ಕೆ ತೆಗೆಯುವ ಗಳಿಗೆಯಲ್ಲಿ, ಆ ತಂತಿಗೂ ಬೆನ್ನುಹುರಿಗೂ ನಡುವೆ ತೆಳುವಾದ ಪೊರೆಯೊಂದನ್ನುಳಿದು ಬೇರೇನೂ ಇರುವುದಿಲ್ಲ. ಕೈ ಕೊಂಚ ತಪ್ಪಿದರೆ ಉಸಿರೇ ನಿಲ್ಲುವ ಭಯ. ಬಳಿಕ ಸೊಂಟದ ಮೂಳೆಯಿಂದ ತುಂಡೊಂದನ್ನು ತೆಗೆದು, ಅದು ಕೂಡಬೇಕಾದ ಮೂಳೆಯ ಹೊರಪದರವನ್ನು ರಕ್ತ ಜಿನುಗುವವರೆಗೆ ಕೊರೆದು, ಅಲ್ಲಿ ಕೂರಿಸಿ ತಂತಿಯನ್ನು ಬಿಗಿಯುವುದು. ಇಷ್ಟಾದ ಮೇಲೂ ಮೂರು ತಿಂಗಳಿಂದ ಆರು ತಿಂಗಳವರೆಗೆ ಗದ್ದದಿಂದ ಎದೆಯವರೆಗಿನ ಬಿಗಿಪಟ್ಟು; ಅಥವಾ, ಅಮೆರಿಕದಲ್ಲಿ ಪೆರಿ ಮತ್ತು ನಿಕೆಲ್ ಎಂಬವರು ಪೋಲಿಯೋ ರೋಗಿಗಳಿಗಾಗಿ ರೂಪಿಸಿ 1959ರಲ್ಲಿ ಪ್ರಕಟಿಸಿದ, ತಲೆಯ ಸುತ್ತ ಉಕ್ಕಿನ ಉಂಗುರವನ್ನು ಬುರುಡೆಗೆ ತಿರುಪಿ ಎದೆಕವಚಕ್ಕೆ ಜೋಡಿಸುವ ಸಾಧನ. ನಿಜವಾಗಿ ಬೆಸೆಯುವುದು ತಂತಿಯಲ್ಲ, ಶರೀರವೇ. ಲೋಹವು ಆ ವರೆಗೆ ಅಲುಗದಂತೆ ಹಿಡಿದಿರುವ ತಾತ್ಕಾಲಿಕ ಸಹಾಯಕ ಮಾತ್ರ. ಮೂಳೆ ಕೂಡದೆ ಹೋದರೆ ಎಂಥ ಲೋಹವಾದರೂ ಒಂದು ದಿನ ದಣಿದು ಮುರಿಯುತ್ತದೆಂಬುದನ್ನು ಈ ವಿದ್ಯೆಯಲ್ಲಿ ಪಳಗಿದವರೆಲ್ಲರೂ ಬಲ್ಲರು.

ಭಾರತೀಯರ ಸ್ವತಂತ್ರ ಸಂಶೋಧನೆ ರೋಗವರ್ಣನೆಯಿಂದ ಮೊದಲಾಯಿತು. ಜನ್ಮತಃ ಸಂಧಿ ಜಾರಿದವರಲ್ಲಿ ಬೆನ್ನುಹುರಿ ಕೆಡುವ ರೀತಿಯನ್ನು ಮುಂಬಯಿಯ ನೋಷಿರ್ ವಾಡಿಯಾರವರು 1967ರಲ್ಲಿ ಬ್ರೈನ್ ಪತ್ರಿಕೆಯಲ್ಲಿ ವಿಸ್ತಾರವಾಗಿ ಬರೆದರು. ಪಶ್ಚಿಮದೇಶಗಳಲ್ಲಿ ವಿರಳವಾದ ಈ ರೋಗವು ನಮ್ಮಲ್ಲಿ ಸಾಮಾನ್ಯವೆಂಬುದು ಲೋಕಕ್ಕೆ ಆಗ ಮನದಟ್ಟಾಯಿತು. ಆ ಕಾಲದಲ್ಲಿ ಚಿಕಿತ್ಸೆಯ ವಿಚಾರವೆಲ್ಲ ಒತ್ತಡವನ್ನು ತೆಗೆಯುವ ಸುತ್ತ ತಿರುಗುತ್ತಿದ್ದಿತು. ಬೆನ್ನುಹುರಿಯನ್ನು ಮುಂದಿನಿಂದ ಒತ್ತುವ ಗೂಟವನ್ನು ಬಾಯಿಯ ಮೂಲಕ ಗಂಟಲ ಹಿಂಗೋಡೆಯನ್ನು ಸೀಳಿ ಕೊರೆದು ತೆಗೆಯುವ ಮಾರ್ಗವನ್ನು ಹಾಂಗ್‌ಕಾಂಗಿನ ಫಾಂಗ್ ಮತ್ತು ಆಂಗ್ 1962ರಲ್ಲಿ ವಿವರಿಸಿದ್ದರು. ಮುಂದೆ ಅದೇ ರೂಢಿಯಾಗಿ, ರೋಗಿಯು ಎರಡು ಶಸ್ತ್ರಕ್ರಿಯೆಗಳನ್ನು, ಬಾಯಿಯಿಂದ ಒಂದನ್ನು, ಹಿಂದಲೆಯಿಂದ ಮತ್ತೊಂದನ್ನು, ಸಹಿಸಬೇಕಾಯಿತು. ಎಂಜಲಿನ ಸೋಂಕು ತಗಲುವ ಭಯ, ದಿನಗಟ್ಟಲೆ ಮೂಗಿನ ಕೊಳವೆಯಿಂದ ಆಹಾರ, ಕೊನೆಯಲ್ಲಿ ಬುರುಡೆಯಿಂದ ಕತ್ತಿನ ನಡುಭಾಗದವರೆಗೆ ಬಾಗಿಸಿದ ಉಕ್ಕಿನ ಸರಳು. ಪ್ರಾಣ ಉಳಿಯುತ್ತಿದ್ದಿತು, ಬಲ ಮರಳುತ್ತಿದ್ದಿತು. ಆದರೆ ಆ ಮನುಷ್ಯ ಆಕಾಶವನ್ನು ನೋಡಬೇಕಾದರೆ ಸೊಂಟದಿಂದಲೇ ಹಿಂದಕ್ಕೆ ಬಾಗಬೇಕಾಗಿದ್ದಿತು.

ಈ ಸ್ಥಿತಿಯನ್ನು ಮಾರ್ಪಡಿಸಿದವರಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯ ಅತುಲ್ ಗೋಯಲ್ ಅವರ ಹೆಸರು ಅಗ್ರಗಣ್ಯ. ಸ್ವಿಟ್ಸರ್ಲೆಂಡಿನ ಮಾಗರ್ಲ್ ಎರಡು ಮಣಿಗಳನ್ನು ಓರೆಯಾಗಿ ತೂರುವ ಸ್ಕ್ರೂವಿನಿಂದ ಬಂಧಿಸುವ ಕ್ರಮವನ್ನು 1987ರಲ್ಲಿ ಪ್ರಕಟಿಸಿದ್ದನು. ಆದರೆ ಸಂಧಿ ಮೊದಲೇ ನೇರ್ಪಟ್ಟಿದ್ದಲ್ಲದೆ, ಧಮನಿಯ ದಾರಿ ಅನುಕೂಲವಾಗಿದ್ದಲ್ಲದೆ ಅದು ಸಾಧ್ಯವಿರಲಿಲ್ಲ. ಗೋಯಲ್ ಅವರು ಲಾಹೇರಿಯವರೊಡನೆ 1994ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಬಳೆಯ ಪಕ್ಕದ ಗಟ್ಟಿಭಾಗಕ್ಕೊಂದು, ಕೆಳಮಣಿಗೊಂದು ಸ್ಕ್ರೂ ಪ್ರತ್ಯೇಕವಾಗಿ ಹಾಕಿ ಪಟ್ಟಿಯಿಂದ ಕೂಡಿಸಲಾಯಿತು. ಬುರುಡೆಯ ತಂಟೆಗೆ ಹೋಗದೆ ಜಾರಿದ ಸಂಧಿಯೊಂದನ್ನೇ ಬಂಧಿಸುವುದರಿಂದ ತಲೆಯಾಡಿಸುವ ಚಲನೆ ರೋಗಿಗೆ ಉಳಿಯಿತು. ಸ್ಕ್ರೂಗಳಿಗೆ ಸರಳನ್ನು ಜೋಡಿಸಿ ಇದನ್ನೇ ಹೋಲುವ ಕ್ರಮವನ್ನು ಜರ್ಮನಿಯ ಹಾರ್ಮ್ಸ್ 2001ರಲ್ಲಿ ಪ್ರಚುರಪಡಿಸಿದಾಗ, ಲೋಕದ ಹಲವೆಡೆ ಅದು ಅವನೊಬ್ಬನ ಹೆಸರಿನಿಂದ ಪ್ರಸಿದ್ಧವಾಯಿತು. ಈಗೀಗ ಎರಡು ಹೆಸರುಗಳನ್ನೂ ಕೂಡಿಸಿ ಹೇಳುವುದು ವಾಡಿಕೆಯಾಗುತ್ತಿರುವುದು ನ್ಯಾಯವಾದ ತಿದ್ದುಪಡಿ. 2004ರಲ್ಲಿ ಗೋಯಲ್ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟು, ಬುರುಡೆಯೊಳಕ್ಕೆ ನುಗ್ಗಿದ ಗೂಟವನ್ನು ಕೊರೆದು ತೆಗೆಯುವ ಬದಲು, ಪಕ್ಕದ ಸಂಧಿಗಳನ್ನು ಹಿಂದಿನಿಂದ ತೆರೆದು ಅಗಲಿಸಿ ಗೂಟವನ್ನೇ ಕೆಳಕ್ಕೆ ಇಳಿಸಬಹುದೆಂದು ತೋರಿಸಿದರು. ದೆಹಲಿಯ ಎಐಐಎಂಎಸ್‌ನ ಪಿ. ಶರತ್‌ಚಂದ್ರ ಅವರು 2013ರಲ್ಲಿ, ಅಗಲಿಸಿ, ಅದುಮಿ, ಹಿಂದಕ್ಕೆ ಬಾಗಿಸಿ ಒಂದೇ ಸಲದಲ್ಲಿ ನೇರ್ಪಡಿಸುವ ಕ್ರಮವನ್ನು ವಿವರಿಸಿದರು. ಲಖನೌದ ವಿ. ಕೆ. ಜೈನರ ಕೆಲಸವೂ ಈ ಪರಂಪರೆಗೆ ಸೇರಿದ್ದು. ಬಾಯಿಯ ಮಾರ್ಗವು ಇಂದು ಪೂರ್ಣ ಲೋಪವಾಗಿಲ್ಲವಾದರೂ ಅಪರೂಪವಾಗಿದೆ; ಅದಕ್ಕೆ ಭಾರತೀಯರ ಕೊಡುಗೆ ದೊಡ್ಡದು.

ಈ ನಡುವೆ 1971ರಲ್ಲಿ ಮೊದಲ ರೋಗಿಯನ್ನು ಪರೀಕ್ಷಿಸಿದ ಸಿ. ಟಿ. ಯಂತ್ರವೂ ಅದರ ಬೆನ್ನಿಗೆ ಬಂದ ಎಂ. ಆರ್. ಐ. ಯಂತ್ರವೂ ಆಗಿನವರೆಗೆ ಊಹೆಯಿಂದ ತಿಳಿಯಬೇಕಾಗಿದ್ದುದನ್ನು ಕಣ್ಣೆದುರಿಗೆ ತಂದಿರಿಸಿದುವು. ಬಳೆಯು ಬುರುಡೆಗೆ ಅಂಟಿಕೊಂಡವರಲ್ಲಿ ಧಮನಿಯು ಎಷ್ಟೋ ಸಲ ಮಾಮೂಲು ದಾರಿಯನ್ನು ಬಿಟ್ಟು ಸಂಧಿಯ ಮೇಲೆಯೇ ಹಾಯ್ದಿರುತ್ತದೆ. ಸ್ಕ್ರೂ ಹಾಕುವ ಮುನ್ನ ಅದನ್ನು ಅರಿಯದಿದ್ದರೆ ಅನಾಹುತ. ಆದುದರಿಂದ ಇತ್ತೀಚಿನ ಸಂಶೋಧನೆಯ ದೊಡ್ಡ ಪಾಲು, ಯಾವ ಲೋಹ ಹಾಕಬೇಕೆಂಬುದಕ್ಕಿಂತ, ಈ ಒಬ್ಬ ರೋಗಿಯ ಮೂಳೆ ಹೇಗಿದೆ, ಧಮನಿ ಎಲ್ಲಿದೆ, ಸಂಧಿಯ ಓರೆ ಎಷ್ಟು ಎಂಬ ವಿಚಾರಕ್ಕೆ ತಿರುಗಿದೆ. ರೋಗಿಯ ಮೂಳೆಯ ಪ್ರತಿಕೃತಿಯನ್ನು ಮೂರು ಆಯಾಮದ ಮುದ್ರಣಯಂತ್ರದಲ್ಲಿ ತಯಾರಿಸಿ ಮುಂಚಿತವಾಗಿ ಅಭ್ಯಾಸಮಾಡುವುದು, ಗಣಕಯಂತ್ರದ ಮಾರ್ಗದರ್ಶನದಲ್ಲಿ ಸ್ಕ್ರೂ ಕೂರಿಸುವುದು, ನರಗಳ ವಿದ್ಯುತ್ಸಂಕೇತಗಳನ್ನು ಉದ್ದಕ್ಕೂ ಗಮನಿಸುವುದು ಇವೆಲ್ಲವೂ ಆ ದಿಕ್ಕಿನ ಬೆಳವಣಿಗೆಗಳು. ಹಿಂದಲೆಯ ತಳದಿಂದ ಕಿರುಮೆದುಳು ಕೆಳಗಿಳಿಯುವ, 1891ರಲ್ಲಿ ಹಾನ್ಸ್ ಕಿಯಾರಿ ವರ್ಣಿಸಿದ ವಿಕಾರಕ್ಕೂ ಸಂಧಿಯ ಸಡಿಲವೇ ಮೂಲವೆಂದೂ ಬೆಸೆಯುವುದೇ ಪರಿಹಾರವೆಂದೂ ಗೋಯಲ್ ಅವರು ವಾದಿಸಿದ್ದಾರೆ. ಹಲವು ಹಿರಿಯ ಶಸ್ತ್ರವೈದ್ಯರು ಅದನ್ನು ಒಪ್ಪಿಲ್ಲ. ಬೆಸೆದ ಸಂಧಿ ಮರಳಿ ಬಾರದಾದುದರಿಂದ, ಸಂದೇಹವಿರುವಲ್ಲಿ ಕೈ ತಡೆಯುವುದೇ ಲೇಸೆಂದು ನನಗೆ ತೋರುತ್ತದೆ.

ದಕ್ಷಿಣ ಬೆಂಗಳೂರಿನ ಬೆಳವಣಿಗೆಯೂ ಈ ಚರಿತ್ರೆಯ ಒಂದು ಅಂಗ. ಜಯನಗರದಿಂದ ಮುಂದಕ್ಕೆ ಬನಶಂಕರಿ, ಜೆ. ಪಿ. ನಗರಗಳೂ, ಭೈರಸಂದ್ರ ತಾವರೆಕೆರೆ ಮಡಿವಾಳಗಳ ಕೆರೆಬಯಲುಗಳಲ್ಲಿ ಬಿ. ಟಿ. ಎಂ. ಬಡಾವಣೆಯೂ ಎದ್ದಂತೆ, ರಸ್ತೆಗಳಲ್ಲಿ ದ್ವಿಚಕ್ರವಾಹನಗಳು ತುಂಬಿದುವು. ಕತ್ತು ಮುರಿದವರು ಹಳ್ಳಿಯಿಂದ ಮಾತ್ರವಲ್ಲ, ಪಕ್ಕದ ತಿರುವಿನಿಂದಲೂ ಬರತೊಡಗಿದರು. ಭೈರಸಂದ್ರದ ಸಂಜಯಗಾಂಧಿ ಆಸ್ಪತ್ರೆ ಮೂಳೆಯ ಗಾಯಗಳಿಗೆ, ನಿಮ್ಹಾನ್ಸಿನ ತುರ್ತುವಿಭಾಗ ತಲೆ ಮತ್ತು ಬೆನ್ನುಹುರಿಯ ಗಾಯಗಳಿಗೆ ಎಂಬುದು ಈ ಭಾಗದ ಆಟೋ ಚಾಲಕರಿಗೂ ಬಾಯಿಪಾಠ. ನಿಮ್ಹಾನ್ಸಿನ ನೆರೆಯಲ್ಲಿಯೇ ಕ್ಷಯರೋಗದ ಹಳೆಯ ಆಸ್ಪತ್ರೆಯಿದೆ. ಕತ್ತಿನ ಕ್ಷಯಕ್ಕೆ ಒಂದು ಕಾಲದಲ್ಲಿ ಕೊರೆಯುವುದೂ ಬೆಸೆಯುವುದೂ ಅನಿವಾರ್ಯವೆನಿಸಿದ್ದರೆ, ಇಂದು ಬಹುಮಂದಿ ಔಷಧ ಮತ್ತು ಬಿಗಿಪಟ್ಟಿನಿಂದಲೇ ಗುಣಹೊಂದುತ್ತಾರೆ. ಶಸ್ತ್ರವಿದ್ಯೆ ಹಿಂದೆ ಸರಿದು ನಿಲ್ಲುವುದನ್ನೂ ಪ್ರಗತಿಯೆಂದೇ ಎಣಿಸಬೇಕು.

ಇಷ್ಟೆಲ್ಲ ಸಾಧನೆಯ ನಡುವೆ ಒಂದು ಕೊರತೆ ನನ್ನನ್ನು ಬಹಳವಾಗಿ ಬಾಧಿಸುತ್ತದೆ. ಪ್ರಕಟವಾಗುವ ವರದಿಗಳಲ್ಲಿ ಹೆಚ್ಚಿನವು ಶಸ್ತ್ರಕ್ರಿಯೆಯ ಬಳಿಕದ ಒಂದೆರಡು ವರ್ಷಗಳನ್ನು ಹೇಳಿ ಮುಗಿಸುತ್ತವೆ. ಎಂಟನೆಯ ವಯಸ್ಸಿನಲ್ಲಿ ಬೆಸೆಸಿಕೊಂಡ ಮಗುವಿನ ಕತ್ತು ಹೇಗೆ ಬೆಳೆಯಿತು, ಕೆಳಗಿನ ಮಣಿಗಳು ಹೆಚ್ಚಿನ ಭಾರವನ್ನು ಹೊತ್ತು ಸವೆದುವೇ, ನಲವತ್ತರಲ್ಲಿ ಆ ಮನುಷ್ಯ ಹೊಲದಲ್ಲಿ ದುಡಿಯಬಲ್ಲನೇ ಎಂಬ ಪ್ರಶ್ನೆಗಳಿಗೆ ಉತ್ತರವು ಯಂತ್ರಗಳಲ್ಲಿಲ್ಲ, ಆ ಮನುಷ್ಯರಲ್ಲಿದೆ. ಅವರು ಗುಣವಾದೆವೆಂದು ಊರಿಗೆ ಹೋದ ಮೇಲೆ, ಬಸ್ಸಿನ ಖರ್ಚು, ಕೂಲಿಯ ನಷ್ಟ, ದೂರ, ಇವುಗಳಿಂದಾಗಿ ಮರಳಿ ಬರುವುದಿಲ್ಲ. ಆದುದರಿಂದ ಈ ಲೇಖನವನ್ನು ಓದುವವರ ಮನೆಯಲ್ಲಾಗಲಿ ನೆಂಟರಲ್ಲಾಗಲಿ ಇಂಥ ಶಸ್ತ್ರಕ್ರಿಯೆ ಆದವರಿದ್ದರೆ, ಅವರು ಎಷ್ಟೇ ಆರೋಗ್ಯವಾಗಿರಲಿ, ಹಳೆಯ ಫೈಲನ್ನೂ ಎಕ್ಸ್‌ರೇ ಫಿಲ್ಮುಗಳನ್ನೂ ಹುಡುಕಿ ತೆಗೆದುಕೊಂಡು ಚಿಕಿತ್ಸೆ ಪಡೆದ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಒಮ್ಮೆ ಹೋಗಿ ತೋರಿಸಿಕೊಂಡು ಬರುವಂತೆ ದಯಮಾಡಿ ಹೇಳಿರಿ.